ಕೋಟಿನ ಅಂಚಿನಲ್ಲಿದ್ದ ಸರ

ಗೌರಿಬಿದನೂರು
ಸೆಪ್ಟೆಂಬರ್ 1, 2025, ಸೋಮವಾರ

ನನ್ನ ಮುದ್ದು ಮಹತಿಗೆ,

ಹೇಗಿದ್ದೀಯಮ್ಮಾ? ಅಹಮದಾಬಾದಿನ ಊಟ ಈಗಲಾದರೂ ಒಗ್ಗಿತೋ, ಅಥವಾ ಬೇಳೆಗೆ ಸಕ್ಕರೆ ಸುರಿಯುತ್ತಾರೆಂದು ಇನ್ನೂ ಮೊಸರನ್ನದಲ್ಲೇ ದಿನ ದೂಡುತ್ತಿದ್ದೀಯೋ? ಕೆಮ್ಮು ಹೋಯಿತೇ? ಹಳೇ ಬಟ್ಟೆಗಳನ್ನು ಕಾಪಾಡುವ ಓದು ಎಂದರೆ ದಿನವಿಡೀ ದೂಳು ಕುಡಿಯುವುದೇ ತಾನೇ, ಮೂಗಿಗೆ ಏನಾದರೂ ಕಟ್ಟಿಕೊ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮಂಡಿ ಹೇಗಿತ್ತೋ ಹಾಗೇ ಇದೆ. ನಿನ್ನ ತಾತ ಹಬ್ಬದ ಕಡುಬನ್ನು ಮಿತಿಯಿಲ್ಲದೆ ತಿಂದು ಹೊಟ್ಟೆ ಕೆಡಿಸಿಕೊಂಡು, ಈಗ ಗಂಜಿ ಕುಡಿಯುತ್ತ ನನ್ನನ್ನೇ ಬೈಯುತ್ತಿದ್ದಾರೆ. ಫೋನಿದ್ದೂ ಕಾಗದ ಯಾಕೆ ಅಂತೀಯಾ? ಫೋನಿನಲ್ಲಿ ನಾನು ಬಾಯಿ ತೆರೆಯುವುದರೊಳಗೆ ನೀನು "ಅಜ್ಜಿ, ಕ್ಲಾಸ್ ಇದೆ, ಆಮೇಲೆ ಮಾಡ್ತೀನಿ" ಅನ್ನುತ್ತೀಯ. ಇಲ್ಲದಿದ್ದರೆ ನಿನ್ನ ತಾತ ಫೋನ್ ಕಿತ್ತುಕೊಂಡು ಅಲ್ಲಿ ಮಳೆ ಬಂತಾ ಎಂದು ವಿಚಾರಿಸುತ್ತಾರೆ. ಕಾಗದವಾದರೆ ನಡುವೆ ಬಾಯಿ ಹಾಕುವ ಹಾಗಿಲ್ಲ. ಕೂತು ಪೂರ್ತಿ ಓದು.

ಹೋದ ತಿಂಗಳು ನಾವಿಬ್ಬರೂ ಕಿತ್ತಾಡಿ ಫೋನ್ ಇಟ್ಟದ್ದು ಯಾವುದಕ್ಕೆ ಎಂದು ನಾನು ನೆನಪಿಸಬೇಕಾಗಿಲ್ಲ. ನಿನ್ನ ಆ ಕೋಟುಗಳಿಗೆ. ಪ್ಯಾರಿಸ್ಸು ಲಂಡನ್ನುಗಳ ದೊಡ್ಡ ದೊಡ್ಡ ದರ್ಜಿಗಳು ಅರವತ್ತು ಎಪ್ಪತ್ತು ವರ್ಷದ ಹಿಂದೆ ಯಾವ ಯಾವ ದೊರೆಸಾನಿಯರಿಗೋ ಹೊಲಿದ ಕೋಟು, ಸೂಟುಗಳನ್ನು ನೀನು ಹಳೇ ಬಂಗಲೆಗಳ ಹರಾಜಿನಲ್ಲಿ ಹುಡುಕಿ ಹುಡುಕಿ ತಂದು, ಬಿಳಿ ಚೀಲ ತೊಡಿಸಿ, ನಮ್ಮ ನಡುಕೋಣೆಯಲ್ಲಿ ಸಾಲಾಗಿ ನೇತುಹಾಕಿ ಹೋದೆ. ಹಾಕಿಕೊಂಡವರು ಯಾರೂ ಬದುಕಿಲ್ಲ. ಸತ್ತವರ ಬಟ್ಟೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಎನ್ನುವುದು ನಮ್ಮ ಮನೆಯ ಪದ್ಧತಿ, ನಾನು ಹುಟ್ಟಿಸಿದ್ದಲ್ಲ. ಹುಣ್ಣಿಮೆ ಕಳೆದರೆ ಪಿತೃಪಕ್ಷ. ನಮ್ಮ ಹಿರಿಯರು ಬರುವ ಹೊತ್ತಿಗೆ ಕಂಡವರ ಕೋಟುಗಳು ಒಳಗಿರುವುದು ಬೇಡ, ಅಷ್ಟರೊಳಗೆ ಸಾಗಿಸು ಎಂದೆ. ಅದಕ್ಕೆ ನೀನು, "ಸರಿ ಅಜ್ಜಿ, ಏಳನೇ ತಾರೀಕು ಭಾನುವಾರ ವ್ಯಾನ್ ಕಳಿಸ್ತೀನಿ. ಬೆಂಗಳೂರಲ್ಲಿ ರೂಮ್ ಮಾಡ್ತೀನಿ. ಅವು ಎಲ್ಲಿರತ್ತೋ ನಾನೂ ಅಲ್ಲೇ ಇರ್ತೀನಿ, ದಸರಾಕ್ಕೂ ಬರಲ್ಲ" ಅಂದುಬಿಟ್ಟೆ. ನಿಜ ಹೇಳುತ್ತೇನೆ, ಕೋಟು ಹೋದರೆ ಹೋಗಲಿ, ನೀನು ಹೋಗುವುದು ನನಗೆ ಬೇಕಿರಲಿಲ್ಲ. ಆದರೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲು ನನಗೂ ಬರುವುದಿಲ್ಲ, ನಿನಗೂ ಬರುವುದಿಲ್ಲ.

ಮಾರನೆಯ ದಿನ ಒಳ್ಳೆ ಬಿಸಿಲು ಬಂತು. ಹೋಗುವುದೇನೋ ಹೋಗುತ್ತವೆ, ಬೂಷ್ಟು ಹಿಡಿದುಕೊಂಡು ಹೋದರೆ ನನ್ನ ಮೇಲೆ ಹೇಳುತ್ತೀಯ ಎಂದು ಎಲ್ಲವನ್ನೂ ಮಹಡಿಗೆ ಒಯ್ದು ಹಗ್ಗಕ್ಕೆ ಹಾಕಿದೆ. ಪಕ್ಕದ ಮನೆ ಅಮ್ಮಾಜಮ್ಮ ಸಹಾಯಕ್ಕೆ ಬಂದಳು. ಅದುವರೆಗೆ ಚೀಲ ಬಿಚ್ಚಿ ನೋಡಿದವಳೇ ಅಲ್ಲ ನಾನು. ಆ ಗುಲಾಬಿ ಉಣ್ಣೆಯ ಕುಪ್ಪಸ, ಕಾಲರೇ ಇಲ್ಲದ್ದು, ಸುತ್ತ ಜಡೆ ಹೆಣೆದಂಥ ಅಂಚಿನದು, ಅದರ ತೋಳು ಮೊಣಕೈಯಿಂದ ಸ್ವಲ್ಪ ಕೆಳಕ್ಕೆ ನಿಂತುಬಿಟ್ಟಿದೆಯಲ್ಲ, ಬಟ್ಟೆ ಸಾಲದೆ ಹೋಯಿತೇನೋ ಪಾಪ ಅಂದುಕೊಂಡೆ. ನನ್ನ ತೋಳಿನ ಮೇಲಿಟ್ಟು ನೋಡಿದಾಗ ತಿಳಿಯಿತು, ಅದು ಕೈಬಳೆ ಕಾಣಲಿ ಎಂದು. ಅಯ್ಯೋ, ನಮ್ಮ ಹಾಗೇ ಇದ್ದಾರಲ್ಲ ಇವರು ಎಂದು ನಗು ಬಂತು. ಅಷ್ಟರಲ್ಲಿ ಅಮ್ಮಾಜಮ್ಮ, "ಅಕ್ಕಾ, ಇದ್ರ ಕೆಳಗಡೆ ಏನೋ ಬರುವುಗಾ ಉಂದಿ, ಹಿಡ್ದು ನೋಡು" ಅಂದಳು. ಹಿಡಿದರೆ ಹೌದು, ತೂಕ. ಒಳಬಟ್ಟೆಯ ಅಂಚಿನುದ್ದಕ್ಕೂ ಬೆರಳಿಗೆ ಏನೋ ಗಂಟು ಗಂಟಾಗಿ ಸಿಕ್ಕಿತು. ಒಂದೆರಡು ಹೊಲಿಗೆ ಬಿಚ್ಚಿದೆ. ಒಳಗಿನಿಂದ ಹಳದಿ ಸರ ಇಣುಕಿತು ಕಣೇ!

ನನ್ನಮ್ಮ ಹಿಂದೂಪುರದಿಂದ ರೈಲು ಹತ್ತುವಾಗ ಕಾಸಿನ ಸರವನ್ನು ಒಳಲಂಗದ ಅಂಚಿನಲ್ಲಿಟ್ಟು ಹೊಲಿದುಕೊಂಡೇ ಹೊರಡುತ್ತಿದ್ದಳು. ನಮ್ಮ ಕಡೆ ಯಾವ ಹೆಂಗಸನ್ನು ಕೇಳಿದರೂ ಇದನ್ನೇ ಹೇಳುತ್ತಾಳೆ. ಹಾಗಾಗಿ ನನಗೆ ಸಂಶಯವೇ ಬರಲಿಲ್ಲ. ಆ ಕಡೆ ಯುದ್ಧವೋ ಗಲಭೆಯೋ ಆಗಿರಬೇಕು, ಯಾರೋ ಮಹಾತಾಯಿ ಜೀವ ಕೈಯಲ್ಲಿ ಹಿಡಿದು ಓಡುವಾಗ ಗಂಡ ಕಟ್ಟಿದ ಸರ ಬಚ್ಚಿಟ್ಟುಕೊಂಡಿದ್ದಾಳೆ, ಆಮೇಲೆ ತೆಗೆಯಲು ಆಗಿಲ್ಲ ಎಂದು ಪೂರ್ತಿ ಕತೆಯನ್ನೇ ಕಟ್ಟಿದೆ. ನಿನ್ನ ತಾತ, "ಪರದೇಶದೋರಿಗೆ ತಾಳಿ ಸರ ಎಲ್ಲಿಂದ ಬರತ್ತೆ ಕಣೇ ಪಂಕಜ?" ಎಂದು ಕೇಳಿದರು. ನೀವು ಸುಮ್ಮನಿರಿ ಎಂದೆ. ಸರವನ್ನು ಪೂರ್ತಿ ಬಿಚ್ಚಿ, ಅರಿಶಿನದ ನೀರಿನಲ್ಲಿ ತೊಳೆದು, ಬೆಳ್ಳಿ ಬಟ್ಟಲಿನಲ್ಲಿಟ್ಟೆ. ಹಬ್ಬದ ದಿನ ಗೌರಿಯ ಜೊತೆ ಅದಕ್ಕೂ ಅರಿಶಿನ ಕುಂಕುಮ ಏರಿಸಿ, ಅವಳ ಮಗಳೋ ಮೊಮ್ಮಗಳೋ ಸಿಗಲಿ, ಅವರ ಸೊತ್ತು ಅವರಿಗೆ ಸೇರಲಿ ಎಂದು ಬೇಡಿಕೊಂಡೆ. ಸರದ ಒಡತಿ ಯಾರು, ಎಲ್ಲಿಯವಳು ಎಂದು ನಿನ್ನನ್ನು ಕೇಳೋಣವೆಂದರೆ ನೀನೋ ಮಾತು ಬಿಟ್ಟಿದ್ದೆ.

ಹಬ್ಬ ಮುಗಿದ ಮೇಲೆ ತಾತನನ್ನು ಎಬ್ಬಿಸಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದೆ, ನನ್ನ ಓಲೆ ಮಾಡಿಕೊಟ್ಟ ಅಕ್ಕಸಾಲಿಯ ಅಂಗಡಿಗೆ. ಅವನು ಕಲ್ಲಿಗೆ ಉಜ್ಜಿ, ನನ್ನ ಮುಖ ನೋಡಿ, "ಅಮ್ಮಾ, ಇದು ಹಿತ್ತಾಳೆ. ಮೇಲೆ ಬರೀ ಚಿನ್ನದ ನೀರು ಕುಡಿಸಿದ್ದಾರೆ ಅಷ್ಟೇ" ಅಂದ. ನನಗೆ ಆ ದೊರೆಸಾನಿಯ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಹಿತ್ತಾಳೆಯನ್ನು ಯಾರಾದರೂ ಬಚ್ಚಿಡುತ್ತಾರೆಯೇ? ವಾಪಸು ಬರುವಾಗ ಮಂಚೇನಹಳ್ಳಿ ದಾಟುವವರೆಗೂ ತಾತ ಬಸ್ಸಿನಲ್ಲಿ ನಕ್ಕಿದ್ದೇ ನಕ್ಕಿದ್ದು. ಗೌರಿಯ ಪಕ್ಕದಲ್ಲಿ ಹಿತ್ತಾಳೆ ಕೂರಿಸಿ ಪೂಜೆ ಮಾಡಿದವಳು ಎಂದು ಪಕ್ಕದ ಸೀಟಿನವರಿಗೆಲ್ಲ ಹೇಳಿದರು. ನಾನು ಕಿಟಕಿ ಕಡೆ ತಿರುಗಿ ಕೂತೆ.

ಆದರೆ ಮನೆಗೆ ಬಂದು ಆ ಕುಪ್ಪಸವನ್ನು ಹ್ಯಾಂಗರಿಗೆ ಹಾಕಿದರೆ ಅದು ಮೊದಲಿನ ಹಾಗೆ ನಿಲ್ಲಲೇ ಇಲ್ಲ. ಮುಂದಿನ ಅಂಚು ಮೇಲಕ್ಕೆ ಸುರುಟಿಕೊಳ್ಳುತ್ತಿತ್ತು, ಎಳೆದು ನಿಲ್ಲಿಸಿದರೆ ಮತ್ತೆ ಏರುತ್ತಿತ್ತು. ನನಗೆ ಯಾಕೋ ಕುತೂಹಲ ಹತ್ತಿತು. ಅದೇ ದರ್ಜಿಯ ನೀಲಿ ಕುಪ್ಪಸ ಇದೆಯಲ್ಲ, ಅದರ ಅಂಚು ಮುಟ್ಟಿ ನೋಡಿದೆ, ಅದರಲ್ಲೂ ಸರ! ಹಸಿರು ಉದ್ದ ಕೋಟಿನ ಮೂಲೆಗಳಲ್ಲಿ ಪುಟ್ಟ ಪುಟ್ಟ ಸೀಸದ ಬಿಲ್ಲೆ. ಆಗ ಹೊಳೆಯಿತು. ಅಯ್ಯೋ ನನ್ನ ಬುದ್ಧಿಗಿಷ್ಟು! ಇದು ಅವರ ಫಾಲು ಕಣೇ ಮಹತಿ! ಸೀರೆ ನೆಟ್ಟಗೆ ಇಳಿಬೀಳಲಿ, ನೆರಿಗೆ ಹಾರಾಡದಿರಲಿ ಎಂದು ಈ ಬೀದಿಯ ಅರ್ಧ ಸೀರೆಗಳಿಗೆ ಫಾಲು ಹೊಲಿದುಕೊಟ್ಟ ಕೈ ಇದು. ಅವರು ಬಟ್ಟೆಯ ಬದಲು ಸರ ಇಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ. ಕನ್ನಡಕ ಏರಿಸಿ ಕೂತು ಒಂದೊಂದು ಕೊಂಡಿಗೂ ಹೊಲಿಗೆ ಹಾಕಿ ಸರವನ್ನು ಇದ್ದಲ್ಲಿಗೇ ಸೇರಿಸಿದೆ. ಕುಪ್ಪಸ ನೆಟ್ಟಗೆ ಇಳಿಯಿತು. ನನ್ನ ಹೊಲಿಗೆ ಎಲ್ಲಿಂದ ಎಲ್ಲಿಯವರೆಗೆ ಎಂದು ನಿನಗೆ ಗೊತ್ತಾದರೂ ಸುಮ್ಮನಿರು, ನಿಮ್ಮ ಮೇಷ್ಟರಿಗೆ ಹೇಳಿ ನಗಿಸಬೇಡ.

ಆಮೇಲೆ ನಾನು ಬಿಡಲಿಲ್ಲ. ದಿನಾ ಮಧ್ಯಾಹ್ನ ಊಟವಾದ ಮೇಲೆ ಒಂದೊಂದನ್ನೇ ಮಗುಚಿ ಒಳಮೈ ನೋಡತೊಡಗಿದೆ. ಗುಂಡಿಯ ಕಾಜಾ ಎಲ್ಲ ಕೈಯಲ್ಲೇ ಹಾಕಿದ್ದು, ರೇಷ್ಮೆಯ ಒಳಬಟ್ಟೆಯನ್ನು ಉಣ್ಣೆಗೆ ಸಾಲು ಸಾಲಾಗಿ ಹಿಡಿದು ಹೊಲಿದದ್ದು, ಒಂದು ಹೊಲಿಗೆಯೂ ಹೊರಕ್ಕೆ ಕಾಣುವುದಿಲ್ಲ. ಈ ರೇಷ್ಮೆಗೆ ನೂಲು ಬಿಚ್ಚಿದ್ದು ಯಾವ ಊರಿನವರೋ, ಅಲ್ಲೂ ಒಂದು ಶಿಡ್ಲಘಟ್ಟ ಇದೆಯೋ ಎಂದೆಲ್ಲ ಯೋಚನೆ ಬಂತು. ಬೂದು ಬಣ್ಣದ ಕೋಟನ್ನು, ಬೈಯಬೇಡ, ಸೀರೆಯ ಮೇಲೇ ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ಎಡಗಡೆ ಮಾತ್ರ ಎತ್ತರ! ಬಿಚ್ಚಿ ಹಿಸುಕಿ ನೋಡಿದರೆ ಎಡ ಭುಜಕ್ಕೆ ಹತ್ತಿ ಜಾಸ್ತಿ ತುಂಬಿದ್ದಾರೆ. ಅಂದರೆ ಅವಳ ಎಡ ಭುಜ ತಗ್ಗು, ದರ್ಜಿ ಅದನ್ನು ಲೋಕದ ಕಣ್ಣಿಗೆ ಮುಚ್ಚಿದ್ದಾನೆ. ಬಲ ಮೊಣಕೈ ಸವೆದಿದೆ, ಮೇಜಿಗೆ ಊರಿ ಕೂರುವ ಅಭ್ಯಾಸ. ಬಲಜೇಬು ಜೋತಿದೆ, ಸದಾ ಕೈ ಅಲ್ಲೇ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಆದರೂ ಅವಳು ನನ್ನೆದುರಿಗೆ ಬಂದು ನಿಂತಳು.

ಹಾಗೇ ಮಂಚದ ಮೇಲೆ ಕೂತೆ. ನಿನ್ನಮ್ಮನಿಗೆ ಯಾವ ಭುಜ ತಗ್ಗಿತ್ತು ಎಂದು ನೆನಪು ಮಾಡಿಕೊಳ್ಳಲು ಹೋದೆ. ಕಲ್ಯಾಣಿಗೆ ಅವಳು ಹತ್ತು ವರ್ಷದವಳಿದ್ದಾಗಿನಿಂದ ಮದುವೆಯವರೆಗೆ ಒಂದೊಂದು ರವಿಕೆಯನ್ನೂ ಹೊಲಿದವಳು ನಾನು, ಅಳತೆ ತೆಗೆದವಳು ನಾನು, ಆದರೂ ನೆನಪಾಗಲಿಲ್ಲ. ಅವಳ ಒಂದು ರವಿಕೆ ಕೈಯಲ್ಲಿದ್ದಿದ್ದರೆ ಹೇಳಿಬಿಡುತ್ತಿದ್ದೆ. ಅವಳ ವೈಕುಂಠ ಸಮಾರಾಧನೆಯ ಹೊತ್ತಿಗೆ ಎಲ್ಲವನ್ನೂ ಕಟ್ಟಿ, ಹಳೇ ಬಟ್ಟೆ ಒಯ್ಯುತ್ತಿದ್ದ ತೊಂಡೇಬಾವಿಯ ಓಬಳಮ್ಮನಿಗೆ ಕೊಟ್ಟಾಗಿತ್ತು. ಅದು ತಪ್ಪು ಎಂದು ನಾನು ಹೇಳುತ್ತಿಲ್ಲ, ಎಲ್ಲರೂ ಮಾಡುವುದೇ, ಕಣ್ಣೆದುರು ಇದ್ದರೆ ಸಂಕಟ ಎಂದು ಹಿರಿಯರು ಮಾಡಿದ ದಾರಿ. ಆಗ ನಿನಗೆ ಆರು ವರ್ಷ. ಖಾಲಿ ಬೀರುವಿನೊಳಗೆ ತಲೆ ತೂರಿಸಿ, "ಅಜ್ಜೀ, ಅಮ್ಮನ ವಾಸನೇದು ಒಂದೂ ಇಲ್ವಾ?" ಎಂದು ಕೇಳಿದ್ದೆ. ನಿನಗೆ ನೆನಪಿದೆಯೋ ಇಲ್ಲವೋ. ನೀನು ಈ ಕೋಟುಗಳನ್ನು ಯಾಕೆ ಕೂಡಿಡುತ್ತೀಯ ಎಂದು ನಾನು ಒಂದು ದಿನವೂ ಕೇಳಲಿಲ್ಲ, ಗುಜರಿ ಎಂದು ಬೈದೆ ಅಷ್ಟೇ. ಆ ಬೂದು ಕೋಟನ್ನು ಮಡಿಲಲ್ಲಿಟ್ಟುಕೊಂಡು ಚೆನ್ನಾಗಿ ಅತ್ತೆ ಮಹತಿ. ಅಮ್ಮಾಜಮ್ಮ ಬಂದು ಕಾಫಿ ಮಾಡಿಕೊಟ್ಟಳು.

ನಿನ್ನೆ ಪುರೋಹಿತರಿಗೆ, ನಮ್ಮ ಗಣೇಶ್ ಪ್ರಸಾದರಿಗೆ, ನಾನೇ ಫೋನ್ ಮಾಡಿದೆ. ಹೀಗೆ ಹೀಗೆ, ಮನೆಯಲ್ಲಿ ಪರದೇಶದ ಹೆಣ್ಣುಮಕ್ಕಳ ಬಟ್ಟೆ ಇದೆ, ಹೊರಗೆ ಹಾಕಲು ಮನಸ್ಸಿಲ್ಲ, ಪಕ್ಷದಲ್ಲಿ ಏನು ಮಾಡಲಿ ಎಂದು ಕೇಳಿದೆ. ಅದಕ್ಕೆ ಅವರು, "ದಿಕ್ಕಿಲ್ಲದೋರಿಗೂ ನೀರು ಬಿಡೋದು ಇದ್ದೇ ಇದೆಯಲ್ಲಮ್ಮಾ. ಅಮಾವಾಸ್ಯೆ ದಿನ ಯಜಮಾನರ ಕೈಲಿ ಅವರಿಗೂ ಬಿಡಿಸೋಣ. ಗೋತ್ರ ಗೊತ್ತಿಲ್ಲದೋರಿಗೆ ಕಾಶ್ಯಪ ಅಂದ್ರಾಯ್ತು" ಎಂದರು. ಪಕ್ಕದಲ್ಲಿ ಕಿವಿಗೊಟ್ಟಿದ್ದ ನಿನ್ನ ತಾತ, "ಪ್ಯಾರಿಸ್ಸಿನೋರೆಲ್ಲ ಕಾಶ್ಯಪ ಗೋತ್ರ ಆಗ್ಬಿಟ್ರಾ!" ಎಂದು ಗಂಜಿ ಚೆಲ್ಲಿಕೊಂಡು ನಕ್ಕರು. ನಗಲಿ, ನೀರು ಬಿಡುವವರು ಅವರೇ. ಯಾವ ಯಾವ ಕೋಟಿನ ಒಡತಿಯ ಹೆಸರು ನಿನಗೆ ಗೊತ್ತೋ ಅದನ್ನು ಮಹಾಲಯ ಅಮಾವಾಸ್ಯೆಯೊಳಗೆ ತಾತನ ಮೊಬೈಲಿಗೆ ಕಳಿಸು, ಅವರ ನಾಲಿಗೆ ಹೊರಳುವ ಹಾಗೆ ಕನ್ನಡದಲ್ಲಿ ಬರೆ. ವ್ಯಾನ್ ಬೇಡ ಎಂದು ಹೇಳಿಬಿಡು. ಬಂದರೂ ಡ್ರೈವರಿಗೆ ತಿಂಡಿ ಕಾಫಿ ಕೊಟ್ಟು ಬರಿಗೈಯಲ್ಲೇ ಕಳಿಸುತ್ತೇನೆ. ಕೋಟುಗಳು ನಡುಕೋಣೆಯಲ್ಲೇ ಇರುತ್ತವೆ.

ಅಮ್ಮಾಜಮ್ಮ ನಿನ್ನನ್ನು ಬಾಯ್ತುಂಬ ಕೇಳಿದ್ದಾಳೆ. ತಾತನ ಆಶೀರ್ವಾದ, ನನ್ನದು ಅದಕ್ಕಿಂತ ಒಂದು ಹಿಡಿ ಹೆಚ್ಚು. ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ಣು ಜೋಪಾನ, ಸುಖವಾಗಿರು ನನ್ನ ತಾಯಿ.

ನಿನ್ನ ಜಗಳಗಂಟಿ ಅಜ್ಜಿ,
ಪಂಕಜ

ಮರೆತದ್ದು: ತಾತ ಸ್ಪೀಡ್ ಪೋಸ್ಟಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ನಾನು ಹೋದ ಮೇಲೆ ಹದಿಮೂರು ದಿನದೊಳಗೆ ಎಲ್ಲವನ್ನೂ ಕೊಟ್ಟುಬಿಡು ಎಂದು ಜನ ಹೇಳುತ್ತಾರೆ. ಕೊಡು, ಬೇಡ ಅನ್ನುವುದಿಲ್ಲ. ಆದರೆ ಒಂದು ರವಿಕೆ ನೀನು ಇಟ್ಟುಕೊ, ಒಗೆಯಬೇಡ. ಯಾವುದು ಎಂದು ನಾನೇ ಆರಿಸಿ ಕೊಡಬೇಕು, ಇಲ್ಲದಿದ್ದರೆ ಕಂಕುಳಲ್ಲಿ ಹರಿದಿರುವುದನ್ನೇ ಎತ್ತಿಟ್ಟು ನೂರು ವರ್ಷ ಕಂಡವರಿಗೆಲ್ಲ ತೋರಿಸುತ್ತೀಯ. ಅದಕ್ಕಾದರೂ ದಸರಾಕ್ಕೆ ಬಾ. ತಾತನಿಗೆ ಹೇಳಬೇಡ.