ಇಪ್ಪತ್ಮೂರನೆಯ ಎಳೆ

ಕ್ಯಾರಲ್ಟನ್
೧೩ ಮಾರ್ಚ್ ೨೦೨೫, ಗುರುವಾರ

ನನ್ನ ಬಂಗಾರ ನಿಧಿಗೆ,

ಹೇಗಿದ್ದೀಯ? ಹ್ಯೂಸ್ಟನ್ನಿನ ಜಿಗುಟು ಹವೆಗೆ ನಿನಗೆ ಮೂಗು ಕಟ್ಟುತ್ತದೆ, ಮಾತ್ರೆ ಇಟ್ಟುಕೊಂಡಿದ್ದೀಯಾ? ನೀನು ಸರಿಯಾಗಿ ಊಟ ಮಾಡುತ್ತಿಲ್ಲವೆಂದು ಪ್ರಗತಿ ಹೇಳಿದಳು. ಅವಳ ಮೇಲೆ ರೇಗಬೇಡ. ಹದಿನೇಳು ದಿನದಿಂದ ಫೋನ್ ಎತ್ತದ ಮಗಳ ಸುದ್ದಿಯನ್ನು, ಅವಳಿಗೆ ಜಾಗ ಕೊಟ್ಟ ಗೆಳತಿಯನ್ನಲ್ಲದೆ ನಾನು ಇನ್ಯಾರನ್ನು ಕೇಳಲಿ? ಇಲ್ಲಿ ನಾವು ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಕೈ ಬರುತ್ತಿಲ್ಲ. ನಿನ್ನಪ್ಪ ಹಿತ್ತಲಲ್ಲಿ ಮೆಂತ್ಯ ಬಿತ್ತಿದ್ದಾರೆ, ದಿನಾ ಅದರ ಫೋಟೊ ನಿನಗೆ ಕಳಿಸಿ ಉತ್ತರಕ್ಕೆ ಕಾಯುತ್ತಾರೆ. ನಾನು ಡ್ರೈವ್ ಮಾಡಿಕೊಂಡು ಬಂದರೂ ಬಾಗಿಲು ತೆಗೆಯುವುದಿಲ್ಲ ಎಂದೆಯಂತೆ. ಅದಕ್ಕೇ ಈ ಕಾಗದ. ಅಕ್ಷರ ನಾನೇ ಕಲಿಸಿದ್ದು, ಬೆರಳಿಟ್ಟು ನಿಧಾನವಾಗಿ ಓದು. ಬೇರೆಯವರಿಂದ ಓದಿಸಬೇಡ.

ಭಾನುವಾರ ನಿನ್ನ ವಯೋಲಾವನ್ನು ಯಾರಿಗೋ ಕೊಟ್ಟುಬಿಡುತ್ತೀಯಂತೆ. ನಿನ್ನಪ್ಪ ‘ಪಿಟೀಲಿನ ಅಕ್ಕ’ ಎಂದು ಕರೆಯುವ ಆ ವಯೋಲಾವನ್ನು! ‘ಆಂಟಿ, ಅವಳಿಗೆ ನಾಲ್ಕು ಬೀಟ್ ಎಣಿಸೋಕೂ ಆಗ್ತಿಲ್ಲ, ತಪ್ಪುತ್ತೆ ಅಂತ ನಡುವೇ ನಿಲ್ಲಿಸಿಬಿಡ್ತಾಳೆ’ ಎಂದಳು ಪ್ರಗತಿ. ಮೆಟ್ಟಿಲು ಎಣಿಸದೆ ಹತ್ತುತ್ತಿರಲಿಲ್ಲ ನೀನು, ಚಪಾತಿ ಎಣಿಸದೆ ತಟ್ಟೆಯ ಮುಂದೆ ಕೂರುತ್ತಿರಲಿಲ್ಲ.

ಆಸ್ಟಿನ್ನಿನ ನಿಮ್ಮ ಚೇಂಬರ್ ಆರ್ಕೆಸ್ಟ್ರಾಕ್ಕೆ ಇಪ್ಪತ್ತೈದು ವರ್ಷ ತುಂಬಿತೆಂದು, ಅದರ ಗೌರವಕ್ಕೆ ಸ್ಕಾಟ್ಲೆಂಡಿನವರ ಚೌಕಳಿ ಬಟ್ಟೆಯ ಹಾಗೆ ಒಂದು ಟಾರ್ಟನ್ ಮಾಡಿಸಲು ಹೊರಟಾಗ, ನಿನ್ನ ಅವ್ವ ಗುಳೇದಗುಡ್ಡದ ನೇಕಾರರ ಮಗಳು ಎಂದು ಎಲ್ಲರೆದುರು ಹೇಳಿಕೊಂಡೆಯಲ್ಲ, ಆ ಹಿಗ್ಗು ನನಗೆ ಇವತ್ತಿಗೂ ಇಳಿದಿಲ್ಲ. ಇಪ್ಪತ್ತೆರಡು ವಾದಕರು, ಒಬ್ಬೊಬ್ಬರಿಗೆ ಒಂದೊಂದು ಎಳೆ. ಪಿಟೀಲಿಗೆ ಕೆಂಪು, ಚೆಲ್ಲೊಗೆ ಹಸಿರು, ವಯೋಲಾಕ್ಕೆ ಕಡುನೀಲಿ. ಗ್ಯಾರೇಜಿನ ಮಗ್ಗದ ಮುಂದೆ ನೀನು ಎಣಿಸಿ ಹೇಳಿದೆ, ನಾನು ಎಳೆ ಜೋಡಿಸಿದೆ. ಆ ಮಾದರಿ ನೋಡಿ ಗಿರಣಿಯವರು ಎಲ್ಲರಿಗೂ ಶಾಲು ನೇಯ್ದರು. ಹೊದ್ದು ವೇದಿಕೆ ಹತ್ತಿದ ಮೇಲೆ ಯಾರೋ ಎಣಿಸಿದರು. ಇಪ್ಪತ್ಮೂರು! ಹೆಚ್ಚಿನದು ನೀಲಿಯಲ್ಲಿ, ನಿನ್ನ ಎಳೆಯ ಪಕ್ಕದಲ್ಲೇ. ನಿಧಿ ತನಗೊಬ್ಬಳಿಗೇ ಎರಡು ಎಳೆ ಹಾಕಿಕೊಂಡಳು ಎಂದು ಮಾತಾಯಿತು. ಕಮಿಟಿಯವರನ್ನು ಎದುರಿಗೆ ಕೂರಿಸಿಕೊಂಡು ನೀನು ಸ್ಪೀಕರಿನಲ್ಲಿ ನನಗೆ ಫೋನ್ ಮಾಡಿದೆ. ಅವತ್ತು ಮಾತ್ರ ಇಂಗ್ಲಿಷ್ ಬಿಟ್ಟು, ‘ಅವ್ವಾ, ನೀ ಏನರ ಒಂದ್ ಎಳಿ ಹೆಚ್ಚಿಗಿ ಹಾಕೀ ಏನ?’ ಎಂದು ಕೇಳಿದೆ. ‘ಇಲ್ಲವ್ವಾ’ ಅಂದೆ ನಾನು. ‘ಹಾಗಾದರೆ ನಾನೇ ತಪ್ಪು ಎಣಿಸಿರಬೇಕು’ ಎಂದು ಹೇಳಿ, ನೀನು ಆರ್ಕೆಸ್ಟ್ರಾ ಬಿಟ್ಟು ಎದ್ದು ಬಂದೆ.

ನಿನ್ನ ಮೊದಲ ಕಚೇರಿ ನೆನಪಿದೆಯಾ? ದೃಷ್ಟಿಯಾಗದಿರಲಿ ಎಂದು ಕಿವಿಯ ಹಿಂದೆ ಕಾಡಿಗೆ ಬೊಟ್ಟು ಇಟ್ಟಿದ್ದಕ್ಕೆ ಪಾರ್ಕಿಂಗ್ ಲಾಟಿನಲ್ಲೇ ನೀನು ರಂಪ ಮಾಡಿದ್ದೆ. ‘ನೆವರ್ ಅಗೇನ್, ಅವ್ವಾ, ಪ್ರಾಮಿಸ್ ಮಾಡು’ ಎಂದು ಮಾತು ತೆಗೆದುಕೊಂಡೇ ಒಳಗೆ ಹೋದೆ. ಆಮೇಲೆ ನಾನು ಎಂದೂ ಬೊಟ್ಟು ಇಡಲಿಲ್ಲ. ಇನ್ನೂ ಒಂದು ಮಾತು ಬರೆಯುವುದಿದೆ, ಅರ್ಧ ತಾಸಿನಿಂದ ಪೆನ್ನು ಹಿಡಿದು ಕೂತಿದ್ದೇನೆ.

ದೇವರು ನಿನ್ನ ಕೈಯನ್ನು ಗಟ್ಟಿಯಾಗಿಡಲಿ. ಇದರ ಜೊತೆಗಿನ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಇಟ್ಟಿದ್ದೇನೆ, ಪ್ರಗತಿಗೂ ಕೊಟ್ಟು ನೀನೂ ತಿನ್ನು.

ನಿನ್ನ ಅವ್ವ,
ಸುಮಿತ್ರಾ

ತಾ.ಕ.: ಅಂಟಿಸಿದ ಲಕೋಟೆ ಮತ್ತೆ ಒಡೆದಿದ್ದೇನೆ. ಆ ‘ಇಲ್ಲ’ ಸುಳ್ಳು, ನಿಧಿ. ಬೊಟ್ಟು ಇಡುವುದಿಲ್ಲವೆಂದು ಮಾತು ಕೊಟ್ಟಿದ್ದೆನಲ್ಲ, ನೀನು ನೀರು ಕುಡಿಯಲು ಒಳಗೆ ಹೋದಾಗ ಬೊಟ್ಟಿನ ಬದಲು ನಿನ್ನ ಎಳೆಯ ಪಕ್ಕ ಒಂದು ಕಪ್ಪು ಎಳೆ ಸೇರಿಸಿದೆ. ನನ್ನವ್ವ ಕಾಶವ್ವ ನನ್ನ ಮದುವೆಯ ಕುಪ್ಪಸದ ಖಣಕ್ಕೂ ಹಾಗೇ ಸೇರಿಸಿದ್ದಳು. ಗಿರಣಿಯವರು ಅದನ್ನೂ ನೀಲಿ ಎಂದುಕೊಂಡರು. ಅಷ್ಟು ಜನರ ಮುಂದೆ ನಗೆಪಾಟಲಾಗುತ್ತೇನೆಂದು ಹೆದರಿ ನಿನ್ನನ್ನು ಕೈಬಿಟ್ಟೆ. ಈಗಷ್ಟೇ ನಿಮ್ಮ ಆರ್ಕೆಸ್ಟ್ರಾದ ಕಂಡಕ್ಟರಿಗೆ ಇದೆಲ್ಲವನ್ನೂ ನನಗೆ ಬಂದ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಹಾಸಿಗೆಯಡಿ ಬಚ್ಚಿಟ್ಟಿದ್ದ ಮಾದರಿ ಇದರೊಳಗಿದೆ. ನನ್ನನ್ನು ಕ್ಷಮಿಸದಿದ್ದರೂ ಸರಿ, ಭಾನುವಾರದೊಳಗೆ ಅದನ್ನು ಕಿಟಕಿಯ ಬಿಸಿಲಿಗೆ ಹಿಡಿ, ಕಪ್ಪನ್ನು ಸೂಜಿಯಿಂದ ಎಳೆದು ತೆಗೆ, ಉಳಿದದ್ದನ್ನು ಎಣಿಸು. ನೀನು ಸರಿಯಾಗಿಯೇ ಎಣಿಸಿದ್ದೆ.