ಲಾನ್ ಮೇಡಂ ಪೆನ್ನು ಮುಚ್ಚಿಟ್ಟಿದ್ದು

೧೮ ಜುಲೈ ೨೦೨೫, ಶುಕ್ರವಾರ

ಅಂತೂ ಸಹಿ ಬಿತ್ತು. ಉಸ್ಸಪ್ಪಾ!

ನಿನ್ನೆ ವಿಯೆಟ್ನಾಂ ವ್ಯಾಪಾರ ಮಂಡಳಿಯ ಲಾನ್ ಮೇಡಂ ಅಕ್ಕಿ ಒಪ್ಪಂದವನ್ನು ಮುಂದಿಟ್ಟುಕೊಂಡು, "ಇನ್ನೊಮ್ಮೆ ಓದುತ್ತೇನೆ" ಎಂದು ಪೆನ್ನು ಮುಚ್ಚಿಟ್ಟರು. ನಮ್ಮ ಸಿಂಗಾಪುರದ ಕಂಪನಿಯವರು ದರದ ತಕರಾರೆಂದೇ ತಿಳಿದು ಸಂಜೆಯವರೆಗೂ ಒಪ್ಪಂದ ತಿದ್ದಿದರು. ಸಹಿಗೆ ದಿನ ಗೊತ್ತು ಮಾಡಿದವಳು ನಾನು.

ಸೆಂಗ್‌ಕಾಂಗಿನ ಮನೆಗೆ ಮರಳುವಾಗ ಧಾರವಾಡದಿಂದ ಅವ್ವನ ಫೋನು. ತಂಗಿ ಹೊಸ ಮನೆಗೆ ಹೊರಟಿದ್ದಾಳಂತೆ. "ಆಷಾಢದಾಗ ಹೊಸ ಮನಿಗೆ ಯಾರರ ಹೋಗ್ತಾರೇನವಾ?" ಎಂದು ಅವ್ವ ಕೂಗಾಡಿದಳು. ನಗು ಬಂತು. ಮರುಕ್ಷಣವೇ ಥಟ್ಟನೆ ಹೊಳೆಯಿತು.

ವಿಯೆಟ್ನಾಂ ಕ್ಯಾಲೆಂಡರ್ ತೆಗೆದು ನೋಡಿದೆ. ನಿನ್ನೆ ಅವರ ಚಾಂದ್ರಮಾಸದ ಇಪ್ಪತ್ತಮೂರನೆಯ ದಿನ! ಆ ದಿನ ಅಲ್ಲಿನ ಅನೇಕರು ಹೊಸ ವ್ಯವಹಾರಕ್ಕೆ ಕೈಹಾಕುವುದಿಲ್ಲ.

ಇವತ್ತು ರಾಫೆಲ್ಸ್ ಪ್ಲೇಸ್ ಕಚೇರಿಯಲ್ಲಿ ಹಳೆಯ ಒಪ್ಪಂದವನ್ನೇ, ಒಂದಕ್ಷರ ತಿದ್ದದೆ, ಲಾನ್ ಮೇಡಂ ಮುಂದಿಟ್ಟು, "ಇವತ್ತು ಇಪ್ಪತ್ತನಾಲ್ಕು" ಎಂದೆ. ಅವರು ನಕ್ಕು ಸಹಿ ಹಾಕಿದರು. "ಯಾರು ಹೇಳಿದರು?" ಎಂದು ಕೇಳಿದರು.

"ನಮ್ಮವ್ವ" ಎಂದೆ.

ಅವ್ವನಿಗೆ ಮಾತ್ರ ಇದನ್ನು ಹೇಳುವುದಿಲ್ಲ, ಹೇಳಿದರೆ ಅವಳನ್ನು ಹಿಡಿಯುವವರಿಲ್ಲ. ಆದರೆ ಈಗಷ್ಟೇ ತಂಗಿಗೆ ಮೆಸೇಜು ಹಾಕಿದೆ: "ಇನ್ನೊಂದು ವಾರ ತಡಿ, ಶ್ರಾವಣ ಬರಲಿ."