ಕಣಜದ ಹುಳಗಳಿಗೆ ಕಾವಲು

ಬಿಳಿಗೆರೆ
೯ ಮಾರ್ಚ್ ೨೦೨೫

ಪ್ರೀತಿಯ ಸೌಮ್ಯಾ,

ಹೇಗಿದ್ದೀಯಮ್ಮಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಹೊನ್ನವಳ್ಳಿಯಲ್ಲಿ ನಿನ್ನ ತವರಿನವರು ಬಲವಂತ ಮಾಡಿಯಾದರೂ ಬಡಿಸುತ್ತಾರೆಂಬ ನಂಬಿಕೆ ನನಗಿದೆ. ಇಲ್ಲಿ ನಿನ್ನ ಅತ್ತೆಯ ಮಂಡಿನೋವು ಹಾಗೇ ಇದೆ, ನನ್ನ ಮುಂಗೋಪವೂ ಹಾಗೇ ಇದೆ. ಫೋನ್ ಎತ್ತದ ಸೊಸೆಗೆ ಕಾಗದ ಬರೆಯುವ ಮಾವ ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಪಕ್ಕದ ತೋಟದ ಯೋಗೀಶನ ಕೈಲಿ ಕಳಿಸುತ್ತಿದ್ದೇನೆ, ಅವನ ಮೇಲೆ ಸಿಡುಕಬೇಡ.

ದಯಾನಂದನಂಥ ಮಗ ಹೋದ ಮೇಲೆ ತೋಟದ ಕಡೆ ನೋಡಲು ಮನಸ್ಸಾಗುತ್ತಿಲ್ಲ. ಕಪ್ಪುತಲೆ ಹುಳು ಗರಿಗಳ ಹಸಿರನ್ನೆಲ್ಲ ಕೆರೆದು ತಿಂದಿದೆ, ತೆಂಗಿನ ಮರಗಳು ಬೆಂಕಿ ತಗುಲಿದಂತೆ ನಿಂತಿವೆ. ಆ ಹುಳುವನ್ನು ಕೊಲ್ಲುವ ಕಣಜಗಳನ್ನು ನೀವಿಬ್ಬರೂ ನಡುಮನೆಯಲ್ಲಿ ಗಾಜಿನ ಕೊಳವೆಗಳಲ್ಲಿ ಸಾಕುತ್ತಿದ್ದಾಗ ನಾನು ಎಷ್ಟು ನಗುತ್ತಿದ್ದೆ! ಎಮ್ಮೆ ಕಟ್ಟುವುದು ಬಿಟ್ಟು ನೊಣ ಸಾಕುತ್ತಿದ್ದಾರೆ ಎಂದು ಊರಿಗೆಲ್ಲ ಹೇಳುತ್ತಿದ್ದೆ. ಅವನು, "ಸುಮ್ನಿರಪ್ಪ, ನೋಡಿಲ್ಲಿ, ತಾಯಿ ಮೊಟ್ಟೆ ಬಿಟ್ಟು ಅಲ್ಲಾಡಲ್ಲ ಕಣಪ್ಪ" ಎಂದು ಕೊಳವೆಯನ್ನು ನನ್ನ ಕನ್ನಡಕದ ಹತ್ತಿರ ಹಿಡಿಯುತ್ತಿದ್ದ. ನಿಜವೇ. ಇರುವೆಯಷ್ಟು ಚಿಕ್ಕ ಜೀವ, ಹುಳುವಿನ ಮೈಮೇಲಿಟ್ಟ ಮೊಟ್ಟೆಗಳನ್ನು ಕಾಯುತ್ತಾ ಕೂತಿರುತ್ತಿತ್ತು.

ಅವನು ಕೊನೆಯದಾಗಿ ಕೈಯಾರೆ ತುಂಬಿಟ್ಟ ಕೊಳವೆಗಳು ಅವು. ಅವನ ಶಿವಗಣಾರಾಧನೆಯ ಮಾರನೆಯ ದಿನ ಕಣಜಗಳೆಲ್ಲವೂ ಸತ್ತು ಬಿದ್ದಿದ್ದನ್ನು ಕಂಡು ನೀನು, "ಅವ್ರ ಜೊತೇಲೇ ಇವುನ್ನೂ ಮುಗಿಸ್ಬುಟ್ರಲ್ಲ" ಎಂದೆ. ನಿನ್ನನ್ನು ಹೊರಗೆ ಹಾಕಲು ನಾವೇ ಔಷಧಿ ಹೊಡೆಸಿದೆವೆಂದುಕೊಂಡು ಬಸ್ಸು ಹತ್ತಿದೆ. ಯಾರೂ ಔಷಧಿ ಹೊಡೆಸಿಲ್ಲಮ್ಮ. ನಿನ್ನೆ ಆ ಕೊಳವೆಗಳಿದ್ದ ಕಪಾಟು ಒರೆಸುವಾಗ ನಡೆದದ್ದೇನೆಂದು ತಿಳಿಯಿತು. ಅದನ್ನು ಬರೆಯಲು ಕೈ ಬರುತ್ತಿಲ್ಲ.

ನೀನು ವಾಪಸ್ ಬಾ. ಹೊಸ ಕಣಜ ತಂದು ಸಾಕೋಣ. ಹತ್ತಿಯನ್ನು ಜೇನಿನಲ್ಲಿ ಅದ್ದಿ ಕೊಡುವ ಕೆಲಸ ನನ್ನದು, ಇನ್ನು ನಗುವುದಿಲ್ಲ.

ಶಿವ ನಿನ್ನ ಕಣ್ಣೀರು ಒರೆಸಲಿ.

ನಿನ್ನ ಮಾವ,
ಮಲ್ಲಿಕಾರ್ಜುನಯ್ಯ

ವಿ.ಸೂ.: ಯೋಗೀಶ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಹೇಳಿಯೇಬಿಡುತ್ತೇನೆ. ಆರಾಧನೆಯ ಸಿಹಿಗೆ ಮನೆ ತುಂಬ ಇರುವೆ ಬಂದಿದ್ದವಲ್ಲ, ಅವು ಕೊಳವೆಯ ಜೇನಿಗೆ ಹತ್ತಬಾರದೆಂದು ನಿನ್ನ ಅತ್ತೆ ಒಂದೊಂದು ಕೊಳವೆಯ ಬಾಯಿಬಟ್ಟೆಗೂ ಇರುವೆ ಸೀಮೆಸುಣ್ಣ ಉಜ್ಜಿದ್ದಾಳೆ. ಇರುವೆಯನ್ನು ಕೊಲ್ಲುವುದು ಕಣಜವನ್ನೂ ಕೊಲ್ಲುತ್ತದೆಂದು ಅವಳಿಗೆ ಈಗಲೂ ಗೊತ್ತಿಲ್ಲ. "ನನ್ ಮಗ ಸಾಕಿದ್ವು, ಒಂದು ಇರುವೇನೂ ಹತ್ರಕ್ಕೆ ಬುಡ್ಲಿಲ್ಲ ಕಣ್ರೀ" ಎಂದು ಇವತ್ತು ಬೆಳಿಗ್ಗೆಯೂ ಹೇಳಿದಳು. ನಾನು ಹೂಂ ಎಂದೆ. ಬೈಯುವುದಿದ್ದರೆ ನನ್ನನ್ನು ಬೈದುಬಿಡು. ಅವಳಿಗೆ ಮಾತ್ರ ಹೇಳಬೇಡಮ್ಮ.